ಭಿಕ್ಷುಕರ ಕರದ ಲೆಕ್ಕ ಯಾವ ಕಲ್ಲಿನ ಮೇಲಿದೆ?

ಮನೆ ಕಂದಾಯದ ರಸೀದಿಯನ್ನು ಯಾರೂ ಓದುವುದಿಲ್ಲ. ಮೊತ್ತ ನೋಡಿ, ಮಡಚಿ, ಕರೆಂಟ್ ಬಿಲ್ಲಿನ ಜೊತೆ ಕಂಬಿಗೆ ಚುಚ್ಚಿಬಿಡುತ್ತೇವೆ. ಚನ್ನರಾಯಪಟ್ಟಣ ತಾಲ್ಲೂಕಿನ ನಮ್ಮ ಹಳೇ ಮನೆಯ ಕಂದಾಯ ಕಟ್ಟಿದಾಗ ನಾನು ಈ ಸಲ ಓದಿದೆ. ಆರೋಗ್ಯ ಕರ, ಗ್ರಂಥಾಲಯ ಕರ, ಜೊತೆಗೆ ಭಿಕ್ಷುಕರ ಕರ. ಕಂದಾಯದ ನೂರು ರೂಪಾಯಿಗೆ ಮೂರು ರೂಪಾಯಿ. ‘ಇದು ಎಲ್ಲಿಗೆ ಹೋಗುತ್ತಪ್ಪಾ?’ ಎಂದು ಬಿಲ್ ಕಲೆಕ್ಟರ್ ಹುಡುಗನನ್ನು ಕೇಳಿದೆ. ‘ಮೇಲಕ್ಕೆ ಹೋಗುತ್ತೆ ಸಾರ್’ ಎಂದ. ಮೇಲಕ್ಕೆ ಅಂದರೆ ಎಲ್ಲಿಗೆ ಎನ್ನುವುದು ಅವನಿಗೂ ಗೊತ್ತಿರಲಿಲ್ಲ. ಅದು ಅವನ ತಪ್ಪಲ್ಲ ಬಿಡಿ.

1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳು ಈ ಕರವನ್ನು ವಸೂಲು ಮಾಡಿ ಕೇಂದ್ರ ಪರಿಹಾರ ಸಮಿತಿಗೆ ಕಟ್ಟಬೇಕು. ಆ ಹಣದಲ್ಲಿ ಸಮಿತಿಯು ನಿರಾಶ್ರಿತರ ಪರಿಹಾರ ಕೇಂದ್ರಗಳನ್ನು ನಡೆಸಬೇಕು. ಕಾಗದದ ಮೇಲೆ ಇಷ್ಟು ಸರಳ. ಆದರೆ ಬೆಂಗಳೂರಿನ ಪಾಲಿಕೆಯೇ ಜನರಿಂದ ವಸೂಲಾದ ಈ ಕರವನ್ನು ಸಮಿತಿಗೆ ಕಟ್ಟದೆ ಕೋಟಿಗಟ್ಟಲೆ ಬಾಕಿ ಉಳಿಸಿಕೊಂಡಿದ್ದು ಹೈಕೋರ್ಟಿನವರೆಗೂ ಹೋದ ಸಂಗತಿ. ಭಿಕ್ಷುಕನ ತಟ್ಟೆಗೆ ಕೈಹಾಕುವುದನ್ನು ನಮ್ಮೂರಿನಲ್ಲಿ ಏನೆಂದು ಬೈಯುತ್ತಾರೋ ಅದನ್ನು ಇಲ್ಲಿ ಬರೆಯಲಾಗದು.

ಲೆಕ್ಕ ಕೇಳದಿದ್ದರೆ ಏನಾಗುತ್ತದೆ ಎಂಬುದನ್ನು 2010ರ ಆಗಸ್ಟ್ ತೋರಿಸಿತು. ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ವಾಂತಿಭೇದಿಯಿಂದ ನರಳಿ ಸತ್ತರು. ಸಮಾಜ ಕಲ್ಯಾಣ ಸಚಿವರಾಗಿದ್ದ ಡಿ. ಸುಧಾಕರ್ ಖಾತೆ ಬಿಟ್ಟರು, ತನಿಖೆಗಳು ನಡೆದವು. ಅಲ್ಲಿದ್ದವರಲ್ಲಿ ಬಹಳಷ್ಟು ಜನ ತಾವಾಗಿ ಬಂದವರಲ್ಲ, ಬೀದಿಯಿಂದ ಹಿಡಿದು ವ್ಯಾನಿಗೆ ತುಂಬಿಕೊಂಡು ತಂದವರು. ಆ ಕೇಂದ್ರದಲ್ಲಿ ಲೆಕ್ಕವೇ ಇರಲಿಲ್ಲ ಎಂದಲ್ಲ. ಎಷ್ಟು ತಲೆ ಒಳಗೆ ಬಂದವು ಎಂಬ ಲೆಕ್ಕ ಇತ್ತು. ಆ ತಲೆಗಳು ಎಂಥ ನೀರು ಕುಡಿದವು ಎಂಬುದನ್ನು ಬರೆಯಲು ವಹಿಯಲ್ಲಿ ಕಾಲಂ ಇರಲಿಲ್ಲ.

ಕರದ ಲೆಕ್ಕವನ್ನು ಹೇಗೆ ಬರೆದಿಡಬಹುದು ಎಂಬುದನ್ನು ನೋಡಲು ಈಗ ನಮ್ಮದೇ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಬನ್ನಿ. ಇಲ್ಲಿ ಹೊಯ್ಸಳ ನರಸಿಂಹನ ಭಂಡಾರಿ ಹುಳ್ಳರಾಜ 12ನೇ ಶತಮಾನದಲ್ಲಿ ಕಟ್ಟಿಸಿದ ಬಸದಿಗೆ ಇಂದಿಗೂ ಭಂಡಾರಿ ಬಸದಿ ಎಂದೇ ಹೆಸರು. ಖಜಾನೆ ನೋಡಿಕೊಳ್ಳುತ್ತಿದ್ದವನ ಹುದ್ದೆ ಒಂದು ಗುಡಿಗೆ ಹೆಸರಾಗಿ ಉಳಿದ ಊರು ಇದು. ಅಲ್ಲಿಯೇ 1368ರ ಬುಕ್ಕರಾಯನ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ಪಂಚಮಹಾವಾದ್ಯ, ಕಳಶಗಳ ವಿಷಯದಲ್ಲಿ ಜಗಳವಾದಾಗ ಅರಸ ಒಬ್ಬರ ಕೈಯನ್ನು ಇನ್ನೊಬ್ಬರ ಕೈಯಲ್ಲಿಟ್ಟ ಕತೆಯನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಯಾರೂ ಓದದ ಭಾಗ ಅದರ ಮುಂದಿದೆ. ರಾಜ್ಯದ ಜೈನರಿಂದ ಮನೆಬಾಗಿಲಿಗೆ ವರ್ಷಕ್ಕೆ ಒಂದು ಹಣ ಎತ್ತಬೇಕು. ಅದನ್ನು ಎತ್ತುವವನು ತಿರುಮಲೆಯ ತಾತಯ್ಯ. ಆ ಹಣದಲ್ಲಿ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳು. ಮಿಕ್ಕಿದ್ದರಲ್ಲಿ ಪಾಳುಬಿದ್ದ ಜಿನಾಲಯಗಳಿಗೆ ಸುಣ್ಣ. ತಪ್ಪಿದವರು ಅರಸನಿಗೂ ಸಮುದಾಯಕ್ಕೂ ದ್ರೋಹಿಗಳು.

ಮನೆಮನೆಯಿಂದ ಎತ್ತುವ ಕರ ಅದೂ ಹೌದು, ಇದೂ ಹೌದು. ಆ ಕರದಲ್ಲಿ ಎತ್ತುವವನ ಹೆಸರು, ಆಳುಗಳ ಸಂಖ್ಯೆ, ಉಳಿಕೆಯ ವಿನಿಯೋಗ ಎಲ್ಲ ಕಲ್ಲಿನ ಮೇಲಿದೆ, ಕರ ಕೊಟ್ಟವನು ಎದುರಿಗೆ ನಿಂತು ಓದಬಹುದಿತ್ತು. ನನ್ನ ರಸೀದಿಯಲ್ಲಿ ಒಂದು ಅಂಕಿ ಮಾತ್ರ ಇದೆ. (ಆ ಶಾಸನದ ಇನ್ನೊಂದು ಪ್ರತಿ ಸಿಕ್ಕಿರುವುದು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ. ಮಾಗಡಿ ರಸ್ತೆಯ ಆ ಕೇಂದ್ರದ ಅಧಿಕಾರಿಗಳು ಜೀಪಿನಲ್ಲಿ ಒಮ್ಮೆ ಹೋಗಿ ನೋಡಿ ಬರಬಹುದಾದಷ್ಟೇ ದೂರ.)

ಇನ್ನೊಂದು ವಿಚಿತ್ರ ನೋಡಿ. ಲಕ್ಷ ಜನಸಂಖ್ಯೆಗೆ ಒಂದು ರಾತ್ರಿ ಆಶ್ರಯ ಇರಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿತು. ದೊಡ್ಡ ನಗರಗಳಿಗೆ ಸರಿಯಾದ ಅಳತೆಯೇ. ಆದರೆ ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಪಟ್ಟಣಗಳಲ್ಲಿ ಯಾವುದೂ ಲಕ್ಷ ಮುಟ್ಟುವುದಿಲ್ಲ, ಶ್ರವಣಬೆಳಗೊಳದ ಮಾತಂತೂ ಬೇಡ. ಯಾತ್ರಾಸ್ಥಳಕ್ಕೆ ನಿರ್ಗತಿಕರು ಬರುವುದು ಊರಿನ ಜನಸಂಖ್ಯೆ ನೋಡಿಕೊಂಡಲ್ಲ, ದಾನ ಮಾಡುವ ಕೈಗಳನ್ನು ನೋಡಿಕೊಂಡು. ಆಶ್ರಯದ ಅಳತೆಗೋಲು ಇಲ್ಲಿಗೆ ಎಟುಕುವುದಿಲ್ಲ, ಕರದ ಅಳತೆಗೋಲು ಮಾತ್ರ ಹಟ್ಟಿಹಟ್ಟಿಗೂ ಎಟುಕುತ್ತದೆ.

ಸೂರು ಕೊಡುವುದು ಕಷ್ಟ ಎನ್ನುವವರಿಗೆ 2018ರ ಫೆಬ್ರವರಿಯನ್ನು ನೆನಪಿಸುತ್ತೇನೆ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ರಾಜ್ಯ ಸರ್ಕಾರ 175 ಕೋಟಿ ರೂಪಾಯಿ ಕೊಟ್ಟಿತು. ಹೊಲಗಳಲ್ಲಿ ಉಪನಗರಗಳು ಎದ್ದವು. ನೀರು, ಶೌಚಾಲಯ, ದೀಪ, ಆಸ್ಪತ್ರೆ ಎಲ್ಲ ಬಂದವು. ಅದು ತಪ್ಪೆಂದು ನಾನು ಹೇಳುವುದಿಲ್ಲ, ಬಂದವರು ನಮ್ಮ ಅತಿಥಿಗಳು. ಆದರೆ ಮನಸ್ಸು ಮಾಡಿದರೆ ಈ ಸರ್ಕಾರಕ್ಕೆ ಕೆಲವೇ ತಿಂಗಳಲ್ಲಿ ಬಯಲಿನ ಮೇಲೆ ಸೂರು ಎಬ್ಬಿಸಲು ಬರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಹನ್ನೆರಡು ವರ್ಷದ ಲೆಕ್ಕದಲ್ಲಿ ಮುಂದಿನದು 2030ಕ್ಕೆ. ಅಷ್ಟರೊಳಗೆ ‘ಊರು ಚೊಕ್ಕ ಮಾಡುವ’ ಹೆಸರಿನಲ್ಲಿ ಬೆಟ್ಟದ ಮೆಟ್ಟಿಲ ಬುಡದಲ್ಲಿ ಬೇಡುತ್ತ ಕೂತವರನ್ನು ವ್ಯಾನಿಗೆ ತುಂಬುತ್ತಾರೇನೋ ಎಂಬ ಭಯ ನನಗಿದೆ.

‘ಲೆಕ್ಕ ಪರಿಶೋಧನೆ ಈಗಲೂ ಆಗುತ್ತಿದೆಯಲ್ಲ’ ಎನ್ನುತ್ತಾರೆ ಅಧಿಕಾರಿಗಳು. ಆಗುತ್ತಿದೆ, ನಿಜ. ವೋಚರು ಇದೆಯೇ, ಸಹಿ ಇದೆಯೇ, ಟೆಂಡರು ಕರೆದರೇ ಎಂದು ನೋಡುತ್ತಾರೆ. ಒಳಗೆ ಹೋದವರಲ್ಲಿ ಎಷ್ಟು ಮಂದಿ ಕೆಲಸ ಕಲಿತು ಹೊರಬಂದರು, ಎಷ್ಟು ಮಂದಿ ಮನೆ ಸೇರಿದರು, ಎಷ್ಟು ಮಂದಿ ತಿರುಗಿ ಅದೇ ಬಸ್ ನಿಲ್ದಾಣದ ಕಟ್ಟೆಗೆ ಬಂದರು ಎಂಬುದನ್ನು ವೋಚರು ಹೇಳುವುದಿಲ್ಲ. ಹಿಡಿದ ತಲೆಗಳನ್ನೇ ಸಾಧನೆ ಎಂದು ಎಣಿಸುವ ಪರಿಶೋಧನೆಯಾದರೆ ಅದು ಇಲ್ಲದಿರುವುದೇ ವಾಸಿ. ಹೀಗೆ ಹಿಡಿಯುವುದೇ ಸರಿಯೇ ಎಂಬ ಪ್ರಶ್ನೆ ಬೇರೆ ಇದೆ. ಭಿಕ್ಷೆ ಬೇಡುವುದನ್ನು ಅಪರಾಧ ಮಾಡಿದ್ದ ಕಲಂಗಳನ್ನು ದೆಹಲಿ ಹೈಕೋರ್ಟ್ 2018ರಲ್ಲೇ ಅಲ್ಲಿಯ ಮಟ್ಟಿಗೆ ತೆಗೆದುಹಾಕಿದೆ. ನಮ್ಮ ಕಾಯ್ದೆಯ ಹೆಸರಿನಲ್ಲಿ ಇನ್ನೂ ನಿಷೇಧ ಎಂದೇ ಇದೆ.

ನಾನು ಕೇಳುವುದು ಹೊಸ ಆಯೋಗವನ್ನಲ್ಲ. ಉದ್ಯೋಗ ಖಾತರಿಯಲ್ಲಿ ತೋಡಿದ ಬದುವಿಗೂ ಗ್ರಾಮಸಭೆಯಲ್ಲಿ ಸಾಮಾಜಿಕ ಪರಿಶೋಧನೆ ನಡೆಯುತ್ತದೆ. ವರ್ಷಕ್ಕೊಮ್ಮೆ ಪಂಚಾಯಿತಿಯಲ್ಲಿ ಜಮಾಬಂದಿ ಇದೆ, ಜಮಾ-ಖರ್ಚನ್ನು ಜನರ ಮುಂದೆ ಓದುವ ಪದ್ಧತಿ ಇದೆ. ಅಲ್ಲಿ ಭಿಕ್ಷುಕರ ಕರದ ಸಾಲನ್ನೂ ಗಟ್ಟಿಯಾಗಿ ಓದಲಿ: ಎಷ್ಟು ಎತ್ತಿದಿರಿ, ಎಷ್ಟು ಕಳಿಸಿದಿರಿ, ಯಾವ ತಾರೀಖು. ಕೇಂದ್ರ ಪರಿಹಾರ ಸಮಿತಿಯೂ ತನ್ನ ಕಡೆಯಿಂದ ಪ್ರತಿ ಕೇಂದ್ರದಲ್ಲಿ ಸತ್ತವರ, ಬಿಟ್ಟವರ, ಮನೆ ಸೇರಿದವರ ಸಂಖ್ಯೆಯನ್ನು ಪಂಚಾಯಿತಿಗಳಿಗೆ ಬರೆದು ಕಳಿಸಲಿ. ಗೋಡೆಯ ಮೇಲೆ ಬರೆಸಲು ಬಣ್ಣದ ಖರ್ಚು ನಮ್ಮದು.

ರಸೀದಿಯನ್ನು ಈ ಸಲ ಕಂಬಿಗೆ ಚುಚ್ಚಿಲ್ಲ. ಜಮಾಬಂದಿಯ ದಿನಕ್ಕೆಂದು ಜೇಬಿನಲ್ಲಿಟ್ಟುಕೊಂಡಿದ್ದೇನೆ.