ಊರ ತೋಟದ ಮರಗಳು



ಕಳೆದ ತಿಂಗಳು ಇದೇ ಪುಟದಲ್ಲಿ ಹಿತ್ತಿಲಿನ ಗಿಡಗಳ ವಿಚಾರವನ್ನು ಹೇಳಿದುದಾಯಿತು. ಈ ಸಲ ಹಿತ್ತಿಲಿನ ಬೇಲಿಯನ್ನು ದಾಟಿ, ನಾವೆಲ್ಲರೂ ಸಾಯಂಕಾಲ ಹೋಗಿ ಕುಳಿತುಕೊಳ್ಳುವ ಸಾರ್ವಜನಿಕ ಉದ್ಯಾನದೊಳಗೆ ಕಾಲಿಡೋಣ. ಅದರ ಆರೈಕೆ ನಗರಪಾಲಿಕೆಯವರ ಕೆಲಸ, ಗೃಹಸ್ಥರಾದ ನಮಗೆ ಅದೇತಕ್ಕೆ ಎಂದು ಕೆಲವರು ಕೇಳಬಹುದು. ಅವರಿಗೆ ಉತ್ತರವಾಗಿ ನನ್ನದೇ ಒಂದು ತಪ್ಪನ್ನು ಮೊದಲು ಒಪ್ಪಿಕೊಳ್ಳುತ್ತೇನೆ.

ಬೆಂಗಳೂರಿನಲ್ಲಿ ನಮ್ಮ ಬಡಾವಣೆಯ ಸಣ್ಣ ಉದ್ಯಾನದಲ್ಲಿ ಒಂದು ಹಳೆಯ ಹೊಂಗೆಯ ಮರವಿತ್ತು. ಹೊಂಗೆಯ ನೆರಳು ತಂಪೆಂಬುದು ಎಲ್ಲರೂ ಬಲ್ಲ ಮಾತು. ಮಳೆಗಾಲದಲ್ಲಿ ಬುಡವು ಕೆಸರಾಗುವುದೆಂದೂ, ಕುಳಿತುಕೊಳ್ಳಲು ಅನುಕೂಲವಿಲ್ಲವೆಂದೂ ನೆರೆಹೊರೆಯವರೆಲ್ಲ ಕೂಡಿ ಒಂದು ಅರ್ಜಿಯನ್ನು ಬರೆದುಕೊಂಡೆವು. ಅದರಂತೆ ಬುಡದ ಸುತ್ತಲೂ ಅಗೆದು ಸಿಮೆಂಟಿನ ಕಟ್ಟೆಯನ್ನು ಕಟ್ಟಿದರು. ಅದರಾಚೆಗೆ ಹಾಸುಗಲ್ಲನ್ನು ಹಾಸಿದರು. ನಾಲ್ಕು ವರ್ಷಗಳಲ್ಲಿ ತುದಿಯ ಕೊಂಬೆಗಳು ಒಣಗತೊಡಗಿದುವು. ಐದನೆಯ ವರ್ಷ, ಮುಂಗಾರಿಗೆ ಮುನ್ನ ಬೀಸಿದ ಗಾಳಿಯಲ್ಲಿ ಒಂದು ರಾತ್ರಿ ಮರವು ಬುಡಸಮೇತ ಉರುಳಿತು. ಅದೇ ಸಾಯಂಕಾಲ ಆ ಕಟ್ಟೆಯ ಮೇಲೆ ಮಕ್ಕಳು ಆಡಿಕೊಂಡಿದ್ದರು! ಬೆಳಗ್ಗೆ ಹೋಗಿ ನೋಡಿದರೆ, ಕಟ್ಟೆಗಾಗಿ ಅಗೆದೆಡೆಯಲ್ಲಿ ಕೈದಪ್ಪದ ಬೇರುಗಳು ತುಂಡಾಗಿ ಕೊಳೆತುಹೋಗಿದ್ದುವು. ಎಲ್ಲರೂ ಗಾಳಿಯನ್ನು ಬೈದರು. ಅರ್ಜಿಗೆ ರುಜು ಹಾಕಿದ್ದ ನಾನು ಸುಮ್ಮನೆ ನಿಂತಿದ್ದೆನು.

ಮರದ ಬೇರು ಬಾವಿಯಂತೆ ನೇರವಾಗಿ ಆಳಕ್ಕೆ ಇಳಿದಿರುವುದೆಂದು ನಾವು ಭಾವಿಸುವುದುಂಟು. ವಾಸ್ತವವಾಗಿ ಬೇರುಗಳಲ್ಲಿ ಬಹುಪಾಲು ಮೇಲಿನ ಸುಮಾರು 2 ಅಡಿ ಮಣ್ಣಿನಲ್ಲಿಯೇ ಹರಡಿ, ಕೊಂಬೆಗಳ ನೆರಳನ್ನೂ ಮೀರಿ ಹೋಗಿರುವುವು. ಅವು ನೀರನ್ನು ಕುಡಿಯುವುದಲ್ಲದೆ ಉಸಿರನ್ನೂ ಆಡಬೇಕು. ಮೇಲೆ ಸಿಮೆಂಟನ್ನು ಬಳಿದರೆ, ಇಲ್ಲವೆ ಸದಾ ತುಳಿದು ಮಣ್ಣನ್ನು ಗಟ್ಟಿಮಾಡಿದರೆ, ನೀರೂ ಗಾಳಿಯೂ ಒಳಗಿಳಿಯಲಾರವು. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ದೆಹಲಿಯ ಮರಗಳ ಸುತ್ತ 1 ಮೀಟರಿನೊಳಗಿದ್ದ ಕಾಂಕ್ರೀಟನ್ನು ತೆಗೆಯಬೇಕೆಂದು ಆಜ್ಞಾಪಿಸಿದುದು ಈ ಕಾರಣದಿಂದಲೇ. ದೊಡ್ಡ ಮರಕ್ಕೆ ಅದೂ ಸಾಲದು. ಹಿರಿಯರು ಅಶ್ವತ್ಥಕ್ಕೆ ಕಟ್ಟೆ ಕಟ್ಟಲಿಲ್ಲವೇ ಎಂದರೆ, ಅಶ್ವತ್ಥವು ಗೋಡೆಯ ಬಿರುಕಿನಲ್ಲಿಯೂ ಬೇರುಬಿಟ್ಟು ಬದುಕುವ ಜಾತಿ. ಹೊಂಗೆ, ನೇರಳೆಗಳಿಗೆ ಆ ಗಟ್ಟಿತನವಿಲ್ಲ.

ಎರಡನೆಯದು ತರಗಿನ ವಿಚಾರ. ಮನೆಯ ಅಂಗಳದಂತೆ ಉದ್ಯಾನವನ್ನೂ ಗುಡಿಸಿ, ಬಿದ್ದ ಎಲೆಗಳನ್ನು ಒಟ್ಟಿ ಬೆಂಕಿಯಿಡುವುದೇ ಶುಚಿತ್ವವೆಂದು ತಿಳಿದಿದ್ದೇವೆ. ಮಲೆನಾಡಿನ ಅಡಕೆ ತೋಟದವರನ್ನು ನೋಡಿರಿ. ಅವರು ಸೊಪ್ಪನ್ನೂ ದರಗನ್ನೂ ಹೊತ್ತು ತಂದು ಬುಡಕ್ಕೆ ಹಾಕುವರು. ನಾವಾದರೋ ತಾನಾಗಿ ಬಿದ್ದುದನ್ನು ಸುಡುತ್ತೇವೆ! ಕಸವನ್ನು ಬಯಲಿನಲ್ಲಿ ಸುಡುವುದನ್ನು ಅದೇ ನ್ಯಾಯಮಂಡಳಿಯು 2016ರಲ್ಲಿ ದೇಶದಲ್ಲೆಲ್ಲ ನಿಷೇಧಿಸಿತು. ನಡೆಯುವ ದಾರಿಯನ್ನು ಗುಡಿಸಿದರೆ ಸಾಕು. ಆ ತರಗನ್ನು ಮರದ ಕೆಳಗೆ 3 ಅಂಗುಲ ದಪ್ಪಕ್ಕೆ ಹರಡಿ, ಕಾಂಡಕ್ಕೆ ತಾಗದಂತೆ ಸುತ್ತಲೂ ಒಂದು ಗೇಣು ಬಿಡಬೇಕು. ತಾಗಿದರೆ ತೊಗಟೆ ಕೊಳೆಯುವ ಭಯವುಂಟು. ಬೇಸಗೆಯಲ್ಲಿ ತೇವವು ಉಳಿಯುವುದು, ಮಳೆಯಲ್ಲಿ ಕೆಸರು ಏಳದು. ನಾವು ಕಟ್ಟೆಯಿಂದ ಬಯಸಿದ್ದ ಅನುಕೂಲವನ್ನು ಈ ತರಗೇ ಕೊಡುತ್ತಿದ್ದಿತು.

ದಟ್ಟವಾದ ನೆರಳಿನಲ್ಲಿ ಹುಲ್ಲನ್ನು ಬೆಳೆಸಬೇಕೆಂಬ ಹಟವೂ ಬೇಡ. ಗರಿಕೆಗೆ ಬಿಸಿಲು ಬೇಕು. ಮರದಡಿಯಲ್ಲಿ ಅದು ಎಷ್ಟು ಸಲ ನೆಟ್ಟರೂ ಸೊರಗುವುದು. ತೇವವಿದ್ದು ಅರೆನೆರಳಿರುವ ಕಡೆ ನಮ್ಮ ಒಂದೆಲಗವೇ ಹಬ್ಬಿ ನೆಲವನ್ನು ಮುಚ್ಚುವುದು.

ಪೊದೆಗಿಡಗಳ ಪಾಡು ಬೇರೆ. ದಾಸವಾಳವನ್ನೂ ಕೇಪಳವನ್ನೂ ತಿಂಗಳಿಗೊಮ್ಮೆ ಪೆಟ್ಟಿಗೆಯಂತೆ ಚೌಕವಾಗಿ ಕತ್ತರಿಸಿ, ಹೂವೇಕೆ ಬಾರದೆಂದು ಕೇಳುವವರುಂಟು. ಅವು ಹೂಬಿಡುವುದು ಹೊಸ ಚಿಗುರಿನಲ್ಲಿ. ಚಿಗುರನ್ನೇ ಸದಾ ಕತ್ತರಿಸಿದರೆ ಮೊಗ್ಗು ಎಲ್ಲಿಂದ ಬರಬೇಕು? ಬೇಲಿಗೆಂದು ಕತ್ತರಿಸಲೇಬೇಕಾದ ಗಿಡಗಳನ್ನು ಬುಡದಲ್ಲಿ ಅಗಲವಾಗಿಯೂ ಮೇಲೆ ಕಿರಿದಾಗಿಯೂ ಬಿಡತಕ್ಕದ್ದು. ಹಾಗಾದರೆ ಕೆಳಗಿನ ಎಲೆಗಳಿಗೂ ಬೆಳಕು ಸಿಕ್ಕಿ ಬೇಲಿಯು ಬೋಳಾಗದು.

ಕೊನೆಯದಾಗಿ ಕೊಂಬೆ ಕಡಿಯುವ ಕ್ರಮ. ಒಣಗಿದ ಮತ್ತು ಸೀಳಿದ ಕೊಂಬೆಗಳನ್ನು ಬಿರುಗಾಳಿಯ ಕಾಲಕ್ಕೆ ಮೊದಲೇ ತೆಗೆಸಬೇಕು. ಆದರೆ ಭಯಕ್ಕಾಗಿ ಮರದ ತಲೆಯನ್ನೇ ಹಾರಿಸುವುದು ಅವಿವೇಕ. ಆಮೇಲೆ ಒಡೆಯುವ ಚಿಗುರುಕೊಂಬೆಗಳು ಸಡಿಲವಾಗಿ ಅಂಟಿಕೊಂಡಿದ್ದು ಇನ್ನೂ ಬೇಗ ಮುರಿದುಬೀಳುವುವು. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶಿಗೊ ಎಂಬ ವಿಜ್ಞಾನಿಯು ಸಾವಿರಾರು ಮರಗಳನ್ನು ಸೀಳಿ ನೋಡಿ ತಿಳಿಸಿದುದೇನೆಂದರೆ, ಮರದ ಗಾಯವು ನಮ್ಮ ಮೈಗಾಯದಂತೆ ಮಾಯುವುದಿಲ್ಲ. ಮರವು ಅದರ ಸುತ್ತ ಒಳಗೋಡೆಯನ್ನು ಕಟ್ಟಿ ಕೊಳೆತವನ್ನು ತಡೆಯುವುದು. ಕೊಂಬೆಯು ಕಾಂಡವನ್ನು ಸೇರುವೆಡೆಯಲ್ಲಿ ಅಂಗಿಯ ಕೊರಳಪಟ್ಟಿಯಂತೆ ಉಬ್ಬಿರುವ ಭಾಗದಲ್ಲಿ ಆ ಶಕ್ತಿಯಿರುವುದು. ಆದುದರಿಂದ ಅದರ ಹೊರಗಡೆಗೆ ಕೊಯ್ಯಬೇಕು. ಉದ್ದವಾದ ಮೋಟನ್ನೂ ಬಿಡಕೂಡದು. ಭಾರವಾದ ಕೊಂಬೆಗೆ ಮೊದಲು ಕೆಳಗಿನಿಂದ ಅರ್ಧ ಗರಗಸ ಹಾಕಿ, ಅನಂತರ ಅದರಾಚೆಗೆ ಮೇಲಿನಿಂದ ಕೊಯ್ದು ಬೀಳಿಸಿ, ಉಳಿದ ಮೋಟನ್ನು ಕಡೆಗೆ ತೆಗೆದರೆ ತೊಗಟೆ ಸುಲಿಯದು. ಗಾಯಕ್ಕೆ ಡಾಂಬರು ಬಳಿಯುವುದರಿಂದ ಪ್ರಯೋಜನವಿಲ್ಲ.

1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ಕ್ರುಂಬಿಗಲ್ ಮಹನೀಯರು, ಒಂದು ಜಾತಿಯ ಹೂವು ಮುಗಿಯುತ್ತಲೆ ಇನ್ನೊಂದು ಅರಳುವಂತೆ ಸಾಲುಮರಗಳನ್ನು ಯೋಜಿಸಿದರು. ಅಂತಹ ನೆಡುವಿಕೆಯ ಫಲವನ್ನು ಅನುಭವಿಸುತ್ತಿರುವವರು ನಾವು. ಹೊಸದಾಗಿ ಯೋಜಿಸುವ ಸಾಮರ್ಥ್ಯ ನಮಗಿಲ್ಲದಿದ್ದರೂ, ಇರುವ ಮರದ ಬುಡಕ್ಕೆ ಕೇಡು ಬಯಸದಿರುವುದು ನಮ್ಮ ಕೈಯಲ್ಲಿದೆ. ಅರ್ಜಿಗೆ ರುಜು ಹಾಕುವ ಮುನ್ನ ಅಗೆತವು ಎಲ್ಲಿಯವರೆಗೆ ಬರುವುದೆಂದು ಕೇಳಿರಿ. ತರಗಿಗೆ ಬೆಂಕಿಯಿಡುವವರನ್ನು ಕಂಡರೆ ಸಮಾಧಾನದಿಂದ ತಡೆಯಿರಿ.

ನಮ್ಮ ಉದ್ಯಾನದಲ್ಲಿ ಹಳೆಯ ಮರವಿದ್ದೆಡೆಯ ಸಿಮೆಂಟನ್ನು ತೆಗೆಸಿ ಒಂದು ಹೊಂಗೆಯ ಸಸಿಯನ್ನು ನೆಟ್ಟಿದ್ದೇವೆ. ಕಲ್ಲಿನ ಬೆಂಚು ಈಗ ಹತ್ತು ಅಡಿ ದೂರದಲ್ಲಿರುವುದು. ಸಸಿಯ ನೆರಳು ಇನ್ನೂ ಅಲ್ಲಿಗೆ ಮುಟ್ಟಿಲ್ಲ. ಬೇಸಗೆಯಲ್ಲಿ ವಾರಕ್ಕೆರಡು ಸಲ ನೀರು ಹೊಯ್ಯುವ ಸರದಿಯಲ್ಲಿ ನನ್ನ ಹೆಸರೂ ಇದೆ.