ಮೊಬೈಲಿನ ಸದ್ದಿಗೂ ಬೇಕು ಸಂವರ

ಕೈಯಲ್ಲಿ ಕೆಲಸವಿರುವಾಗ ಮೊಬೈಲು ‘ಟಿಣ್’ ಎನ್ನುತ್ತದೆ. ಸಂದೇಶವನ್ನು ಓದಲು ಅರ್ಧ ನಿಮಿಷ ಸಾಕು. ಆದರೆ ಚದುರಿದ ಚಿತ್ತವು ಮರಳಿ ಕೆಲಸದಲ್ಲಿ ನೆಲೆಗೊಳ್ಳಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಗೋಕಾಕದ ಗುಮಾಸ್ತರಿಗೂ ಹುಕ್ಕೇರಿಯ ಔಷಧ ವ್ಯಾಪಾರಿಗಳಿಗೂ ಮೂಡಲಗಿಯ ಶಿಕ್ಷಕರಿಗೂ ಇದು ನಿತ್ಯದ ಅನುಭವ. ಲೋಕವು ಇದನ್ನು ವೇಳೆಯ ನಷ್ಟವೆಂದಷ್ಟೇ ಎಣಿಸುತ್ತದೆ. ಜೈನ ದರ್ಶನದಲ್ಲಿ ಇದಕ್ಕೆ ಇನ್ನೂ ಗಂಭೀರವಾದ ಹೆಸರಿದೆ: ಪ್ರಮಾದ.

ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಮಿಥ್ಯಾತ್ವ, ಅವಿರತಿ, ಕಷಾಯ, ಯೋಗಗಳೊಡನೆ ಪ್ರಮಾದವನ್ನೂ ಕರ್ಮಬಂಧದ ಕಾರಣವೆನ್ನುತ್ತದೆ. ಹಿಂಸೆಯ ಲಕ್ಷಣವನ್ನು ಹೇಳುವಾಗಲೂ ಪ್ರಮಾದವನ್ನೇ ಮೊದಲಿಗಿಡುತ್ತದೆ. ಔಷಧದ ಚೀಟಿಯನ್ನು ಓದುವ ಕಣ್ಣು ಒಂದು ಕ್ಷಣ ಅತ್ತ ಹೊರಳಿದರೆ ಆಗಬಹುದಾದ ಅನಾಹುತವನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. ಪ್ರಮಾದದ 15 ಭೇದಗಳಲ್ಲಿ ನಾಲ್ಕು ವಿಕಥೆಗಳು: ಸ್ತ್ರೀಕಥೆ, ಭೋಜನಕಥೆ, ರಾಷ್ಟ್ರಕಥೆ, ರಾಜಕಥೆ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ದಿನವಿಡೀ ಹರಿದಾಡುವ ಊಟದ ಚಿತ್ರ, ದೇಶವಿದೇಶದ ವದಂತಿ, ರಾಜಕಾರಣದ ಜಗಳಗಳನ್ನು ಈ ಪಟ್ಟಿಯೊಡನೆ ಹೋಲಿಸಿದರೆ, ಮಾಧ್ಯಮ ಹೊಸದು, ವಿಕಥೆ ಹಳೆಯದು ಎಂಬುದು ಸ್ಪಷ್ಟವಾಗುತ್ತದೆ.

ಹಾಗೆಂದು ಮೊಬೈಲನ್ನೇ ತ್ಯಜಿಸಬೇಕೆನ್ನುವುದು ಗೃಹಸ್ಥರಿಗೆ ಒಪ್ಪುವ ಉಪದೇಶವಲ್ಲ. ಶ್ರಾವಕರ ಮಾರ್ಗ ಅಣುವ್ರತದ್ದು. ಅಲ್ಲಿ ಮಿತಿಯೇ ಸಾಧನೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯವು ಘಟಪ್ರಭೆಯ ವೈರಿಯಲ್ಲ. ಬಂದ ನೀರನ್ನು ಅದು ನಿಲ್ಲಿಸಿಕೊಂಡು, ಹೊತ್ತರಿತು ಬಿಡುತ್ತದೆ. ಆದುದರಿಂದಲೇ ಕಾಲುವೆಗಳ ಕೆಳಗಿನ ಹೊಲಗಳಿಗೆ ನೀರು ದಕ್ಕುತ್ತದೆ. ಮನಸ್ಸಿನೊಳಗೆ ಹರಿದುಬರುವ ಆಸ್ರವಕ್ಕೆ ಬಾಗಿಲನ್ನಿಡುವುದೇ ಸಂವರ.

ಆ ಬಾಗಿಲಿನ ಅಳತೆಯನ್ನೂ ಹಿರಿಯರು ಕೊಟ್ಟಿದ್ದಾರೆ. ಸಾಮಾಯಿಕದ ಅವಧಿ ಒಂದು ಮುಹೂರ್ತ, ಅಂದರೆ 48 ನಿಮಿಷ. ಕಚೇರಿಯ ಕೆಲಸವು ಸಾಮಾಯಿಕವಲ್ಲ, ನಿಜ; ಆದರೆ ಆ ಅಳತೆಯನ್ನು ಎರವಲು ಪಡೆಯಬಹುದು. ಎಂಟು ಗಂಟೆಯ ದುಡಿಮೆಯಲ್ಲಿ ಇಂತಹ 10 ಮುಹೂರ್ತಗಳಿವೆ. ಒಂದೊಂದು ಮುಹೂರ್ತ ಮುಗಿದ ಮೇಲೆ ಎರಡು ನಿಮಿಷ ಸಂದೇಶಗಳನ್ನು ನೋಡಿದರೆ ಯಾವ ಮುಖ್ಯ ಕಾರ್ಯವೂ ಕೆಡುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಗುಂಪಿನ ಸದ್ದನ್ನು 8 ಗಂಟೆ, ಒಂದು ವಾರ ಅಥವಾ ಸದಾಕಾಲಕ್ಕೆ ಅಡಗಿಸುವ ಅನುಕೂಲವಿದೆ. ಬೆಳಿಗ್ಗೆ ಕೆಲಸಕ್ಕೆ ಕುಳಿತಾಗ 8 ಗಂಟೆಯನ್ನು ಆರಿಸಿದರೆ ಅದೊಂದು ಪುಟ್ಟ ದೇಶವ್ರತವೇ ಸರಿ. ನಿಯತ ಕಾಲದವರೆಗೆ ತನ್ನ ಸಂಚಾರದ ಎಲ್ಲೆಯನ್ನು ಕಿರಿದುಗೊಳಿಸುವುದೇ ಆ ವ್ರತ; ಇಂದು ಕಾಲಿಗಿಂತ ಬೆರಳೇ ಹೆಚ್ಚು ದೂರ ಸಂಚರಿಸುತ್ತದೆ.

ಮೇಲಧಿಕಾರಿಗಳ ಆದೇಶವೂ ಗಿರಾಕಿಗಳ ಬೇಡಿಕೆಯೂ ಅದೇ ಮೊಬೈಲಿಗೆ ಬರುತ್ತವಲ್ಲ ಎಂಬ ಆಕ್ಷೇಪ ನ್ಯಾಯವಾದುದು. ಅಂತಹ ಒಂದೆರಡು ಗುಂಪುಗಳ ಸದ್ದನ್ನು ಉಳಿಸಿಕೊಂಡು ಉಳಿದವನ್ನು ಅಡಗಿಸಬೇಕು. ತೀರ ತುರ್ತಿದ್ದವರು ಕರೆಯನ್ನೇ ಮಾಡುತ್ತಾರೆ. ಬೇಕಾದುದನ್ನೂ ಬೇಡದುದನ್ನೂ ಬೇರ್ಪಡಿಸುವ ವಿವೇಕವಿಲ್ಲದಿದ್ದರೆ ಯಾವ ಯಂತ್ರದ ಅನುಕೂಲವೂ ಪ್ರಯೋಜನಕ್ಕೆ ಬಾರದು.

ಇನ್ನೊಂದು ಮಾತು ಹಿರಿಯರಿಗೂ ಸಲ್ಲಬೇಕು. ಪಾಪವು ಕೃತ, ಕಾರಿತ, ಅನುಮೋದನೆ ಎಂಬ ಮೂರು ದಾರಿಗಳಿಂದ ಅಂಟುತ್ತದೆ: ತಾನು ಮಾಡುವುದು, ಅನ್ಯರಿಂದ ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು. ಬಿಡುವಿನಲ್ಲಿರುವವರು ಹನ್ನೊಂದು ಗಂಟೆಗೆ ಹತ್ತು ಗುಂಪುಗಳಿಗೆ ‘ಶುಭದಿನ’ದ ಹೂಗುಚ್ಛವನ್ನೂ ತೀರ್ಥಂಕರರ ಚಿತ್ರವನ್ನೂ ಕಳಿಸಿದಾಗ, ದುಡಿಯುತ್ತಿರುವ ಹಲವರ ಚಿತ್ತವನ್ನು ಕದಲಿಸಿದಂತಾಗುತ್ತದೆ. ಭಕ್ತಿಯ ಸಂದೇಶವೆಂಬ ಕಾರಣಕ್ಕೆ ಈ ಕಾರಿತ ದೋಷ ತಪ್ಪುವುದಿಲ್ಲ. ಕಿರಿಯರಿಗೆ ಸಂಯಮವನ್ನು ಬೋಧಿಸುವ ಮುನ್ನ ಕಳಿಸುವ ಬೆರಳಿಗೂ ಒಂದು ನಿಯಮವಿರಲಿ. ಕಿಟಕಿಯಾಚೆ ಉತಾರಕ್ಕಾಗಿ ಕಾದು ನಿಂತ ರೈತನ ವೇಳೆ ಆಗ ಉಳಿಯುತ್ತದೆ. ಅನ್ಯರ ವೇಳೆಯನ್ನು ಅಪಹರಿಸದಿರುವುದೂ ಅಚೌರ್ಯವೇ ಅಲ್ಲವೇ?