ಮಾಗಿಯ ಚಳಿಯೂ ರೇಷ್ಮೆ ಹುಳುವಿನ ಮನೆಯೂ

ಪುಷ್ಯಮಾಸದಲ್ಲಿ ಬೀದರ, ವಿಜಯಪುರ ಸೀಮೆಗಳಿಗೆ ಶೀತಗಾಳಿಯ ಎಚ್ಚರಿಕೆ ಹೊರಡುವುದುಂಟು. ದೊಡ್ಡಆಲಹಳ್ಳಿಯ ರೇಷ್ಮೆ ಬೆಳೆಗಾರರು ಅದನ್ನು ದೂರದ ಮಾತೆಂದು ಬಿಡುವರು. ಬೆಂಗಳೂರಿನ ಅಂಕಿಯನ್ನೋ ತಮ್ಮದೆಂದೇ ನಂಬುವರು. ಎರಡೂ ಸರಿಯಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ 1884ನೆಯ ಇಸವಿ ಜನವರಿ 13ರಂದು ಉಷ್ಣಮಾನವು 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಕನಕಪುರದ ಸೀಮೆಯು ಅದಕ್ಕಿಂತ ತಗ್ಗು; ಸಂಗಮದ ಕಡೆಗೆ ನೆಲವು ಇನ್ನೂ ಇಳಿಯುವುದು. ಆದರೆ ತಗ್ಗೆಂದ ಮಾತ್ರಕ್ಕೆ ಚಳಿಯಿಲ್ಲವೆನ್ನಲಾಗದು. ಮೋಡವೂ ಗಾಳಿಯೂ ಇಲ್ಲದ ರಾತ್ರಿ ತಣ್ಣನೆಯ ಹವೆಯು ಭಾರವಾಗಿ ಹಳ್ಳಕ್ಕೆ ಹರಿದು ನಿಲ್ಲುವುದರಿಂದ, ಒಂದೇ ಊರಿನ ದಿಬ್ಬದ ಮನೆಗೂ ಕೆರೆಯ ಕೆಳಗಿನ ಮನೆಗೂ ಭೇದವುಂಟು.

ಬಯಲು ಪ್ರದೇಶದಲ್ಲಿ ಕನಿಷ್ಠ ಉಷ್ಣಮಾನವು 10 ಡಿಗ್ರಿ ಅಥವಾ ಅದಕ್ಕೂ ಕೆಳಗೆ ಇಳಿದು, ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಮೆಯಾದಾಗ ಹವಾಮಾನ ಇಲಾಖೆಯು ಸಾಮಾನ್ಯವಾಗಿ ಶೀತಗಾಳಿಯೆಂದು ಸಾರುವುದು. ರೇಷ್ಮೆ ಹುಳುವಿಗೆ ಈ ಲೆಕ್ಕ ತಿಳಿಯದು! ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ, ದೊಡ್ಡ ಹುಳುವಿಗೆ 24, 25 ಡಿಗ್ರಿ ಬೇಕು. 20ರ ಕೆಳಗೆ ಅದು ಸೊಪ್ಪನ್ನು ಸರಿಯಾಗಿ ತಿನ್ನದು, ಜ್ವರ ತಡವಾಗುವುದು, ಹಣ್ಣಾಗುವ ದಿನವೂ ಮುಂದೆ ಹೋಗುವುದು. ತೇವವೂ ಕೂಡಿದರೆ ಸುಣ್ಣಕಟ್ಟು ರೋಗದ ಭಯ. ಎಚ್ಚರಿಕೆ ಬಾರದೆಂದು ನಿಶ್ಚಿಂತೆಯಿಂದ ಮಲಗಿದವನು ನಷ್ಟಕ್ಕೆ ಗುರಿಯಾಗುವುದು ಹೀಗೆಯೇ.

ಆದುದರಿಂದ ಹವಾ ಸೂಚನೆಯನ್ನು ಕೇಳುವುದರೊಡನೆ, ತಟ್ಟೆಗಳ ಮಟ್ಟದಲ್ಲಿ ಕನಿಷ್ಠ ಗರಿಷ್ಠ ಉಷ್ಣಮಾಪಕವೊಂದನ್ನು ತೂಗುಹಾಕತಕ್ಕದ್ದು. ಗ್ರಾಮದ ಮುಖಂಡರು ಒಂದು ಮಾಗಿಯ ಕಾಲವಾದರೂ ದಿನದಿನದ ಸೂಚನೆಯನ್ನೂ ಊರಿನ ಅಂಕಿಯನ್ನೂ ಪಕ್ಕಪಕ್ಕದಲ್ಲಿ ಬರೆಯಿಸಿದರೆ, ಮುಂದಿನ ವರ್ಷ ಎಷ್ಟು ಡಿಗ್ರಿ ಕಳೆಯಬೇಕೆಂಬುದು ತಿಳಿಯುವುದು. ಕಾವು ಕೊಡುವಾಗ ಇದ್ದಿಲನ್ನು ಹೊರಗೇ ಹೊಗೆಯಡಗಿಸಿ ಕೆಂಡಮಾಡಿ ತರಬೇಕು. ಕಿಟಕಿಗಳನ್ನು ಪೂರ್ತಿ ಮುಚ್ಚಕೂಡದು, ಆ ಕೋಣೆಯಲ್ಲಿ ಯಾರೂ ಮಲಗಲೂಕೂಡದು.